ಕೆಸರಿನೊಳಗಿನ ಕರೆಂಟು

ಕುಮಟಾ ಕಡೆಯ ಹೈಸ್ಕೂಲು ಮಾಸ್ತರರೊಬ್ಬರು ಬರೆದಿದ್ದಾರೆ: ‘ನಮ್ಮ ಶಾಲೆಯ ಹುಡುಗಿಯೊಬ್ಬಳು ಇಳಿತದ ಹೊತ್ತಿಗೆ ಅಮ್ಮನ ಜೊತೆ ಅಳಿವೆಗೆ ಬಳಚು ಹೆಕ್ಕಲು ಹೋಗಿದ್ದಳು. ಮನೆಗೆ ಬಂದು ಕಾಲು ತೊಳೆದರೆ ಬೆಳ್ಳಿ ಗೆಜ್ಜೆಯೆಲ್ಲ ಕಪ್ಪು! ಯಾರದ್ದೋ ದೃಷ್ಟಿ ತಾಗಿದೆ ಎಂದು ಅಜ್ಜಿ ಉಪ್ಪು ಮೆಣಸು ನಿವಾಳಿಸಿ ಒಲೆಗೆ ಹಾಕಿದ್ದಾರೆ. ಕೆಸರಿಗೂ ಬೆಳ್ಳಿಗೂ ಏನು ಸಂಬಂಧ? ಇನ್ನೊಂದು ಪ್ರಶ್ನೆ. ಆ ಕೆಸರು ಸುಮ್ಮನಿದ್ದಾಗ ಅಷ್ಟಾಗಿ ನಾರುವುದಿಲ್ಲ. ಕಾಲು ಹೂತಾಗ ಮಾತ್ರ ಮೂಗು ಮುಚ್ಚಿಕೊಳ್ಳಬೇಕು. ಯಾಕೆ?’

ಮೊದಲ ಪ್ರಶ್ನೆಗೆ ನಾಲ್ಕು ಮಾತು ಸಾಕು. ಕೊಳೆತ ಮೊಟ್ಟೆ ನಾರುವುದಕ್ಕೂ ಅಳಿವೆಯ ಕೆಸರು ನಾರುವುದಕ್ಕೂ ಕಾರಣ ಒಂದೇ ಅನಿಲ, ಹೈಡ್ರೋಜನ್ ಸಲ್ಫೈಡ್. ಅದು ಬೆಳ್ಳಿಗೆ ತಾಗಿದರೆ ಸಿಲ್ವರ್ ಸಲ್ಫೈಡಿನ ಕಪ್ಪು ಪೊರೆ ಕಟ್ಟುತ್ತದೆ. ಕೂಸಿನ ಉಡಿದಾರ ಕಪ್ಪಾದರೂ ದೇವರ ಮನೆಯ ಬೆಳ್ಳಿ ದೀಪ ಕಪ್ಪಾದರೂ ಮೂಲದಲ್ಲಿ ಗಂಧಕದ್ದೇ ಕೆಲಸ. ‘ಮಗುವಿನ ಪೀಡೆಯನ್ನು ಬೆಳ್ಳಿ ಹೀರಿಕೊಂಡಿತು’ ಎಂದು ಓದಿದವರೂ ಹೇಳುವುದನ್ನು ಕೇಳಿದ್ದೇನೆ. ಹಾಗಿದ್ದರೆ ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಕುಳಿತೇ ಕಪ್ಪಾಗುವ ಲೋಟ ಯಾರ ಪೀಡೆಯನ್ನು ಹೀರಿತು? ಅಜ್ಜಿಯ ಪ್ರೀತಿಗೆ ಕೈಮುಗಿಯೋಣ. ಆದರೆ ಮೆಣಸಿನ ಘಾಟಿಗೆ ಮನೆಮಂದಿ ಕೆಮ್ಮಿದ್ದಷ್ಟೇ ಲಾಭ. ಆ ಹುಡುಗಿಯನ್ನು ಇನ್ನು ಅಳಿವೆಗೆ ಕಳಿಸದೇ ಹೋದರೆ ಅದು ಮಾತ್ರ ದೊಡ್ಡ ನಷ್ಟ.

ಎರಡನೆಯ ಪ್ರಶ್ನೆ ಇದೆಯಲ್ಲ, ಅದು ಚಿನ್ನದಂಥ ಪ್ರಶ್ನೆ. ಇಂದಿನ ಅಂಕಣವೆಲ್ಲ ಅದಕ್ಕೇ ಮೀಸಲು.

ಒಂದು ಮಿಲಿಲೀಟರ್ ಕಡಲ ನೀರಿನಲ್ಲಿ ಸುಮಾರು ಹತ್ತು ಲಕ್ಷ ಬ್ಯಾಕ್ಟೀರಿಯಾಗಳಿರುತ್ತವೆ. ಅಷ್ಟೇ ಪ್ರಮಾಣದ ಕರಾವಳಿ ಕೆಸರಿನಲ್ಲಿ ಅದರ ಸಾವಿರ ಪಟ್ಟು, ಅಂದರೆ ನೂರು ಕೋಟಿಯ ಆಸುಪಾಸು. ಇಷ್ಟೊಂದು ಬಾಯಿಗಳಿರುವಾಗ ಮೇಲಿಂದ ಇಳಿಯುವ ಆಮ್ಲಜನಕ ಮೊದಲ ಕೆಲವು ಮಿಲಿಮೀಟರುಗಳಲ್ಲೇ ಖರ್ಚಾಗುತ್ತದೆ. ಅದರ ಕೆಳಗಿನ ಕತ್ತಲಲ್ಲಿ ಇರುವವರು ಸಲ್ಫೇಟನ್ನು ‘ಉಸಿರಾಡುತ್ತಾರೆ’. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 2.7 ಗ್ರಾಂ ಸಲ್ಫೇಟ್ ಇದೆ, ಬಡತನವಿಲ್ಲ. ಸತ್ತ ಪಾಚಿ, ಎಲೆ, ಮೀನಿನ ಹಿಕ್ಕೆ ಎಲ್ಲವನ್ನೂ ತಿಂದು, ಸಲ್ಫೇಟನ್ನು ಉಸಿರಾಡಿ, ಹೈಡ್ರೋಜನ್ ಸಲ್ಫೈಡನ್ನು ಹೊರಬಿಡುತ್ತಾರೆ. ಕರಾವಳಿಯ ಕಡಲತಳದಲ್ಲಿ ನಡೆಯುವ ಕೊಳೆಯುವಿಕೆಯಲ್ಲಿ ಸುಮಾರು ಅರ್ಧದಷ್ಟು ಈ ದಾರಿಯಲ್ಲೇ ಸಾಗುತ್ತದೆಂದು ಡೆನ್ಮಾರ್ಕಿನ ಬೋ ಬಾರ್ಕರ್ ಯೋರ್ಗೆನ್ಸೆನ್ 1982ರಲ್ಲೇ ಲೆಕ್ಕ ಹಾಕಿದ್ದರು. ಕೆಸರಿನ ಕಪ್ಪು ಬಣ್ಣವೂ ಸಲ್ಫೈಡು ಕಬ್ಬಿಣದ ಜೊತೆ ಸೇರಿ ಆದದ್ದು.

ಅಂದಮೇಲೆ ಅಷ್ಟು ಅನಿಲ ಮೇಲೆ ಬರಬೇಕಲ್ಲ? ಪಠ್ಯಪುಸ್ತಕದ ಉತ್ತರ ಸರಳ. ಸಲ್ಫೈಡು ನಿಧಾನಕ್ಕೆ ಮೇಲೇರುತ್ತದೆ, ಆಮ್ಲಜನಕ ನಿಧಾನಕ್ಕೆ ಇಳಿಯುತ್ತದೆ, ಎರಡೂ ಸಂಧಿಸುವ ತೆಳ್ಳನೆಯ ಗಡಿಯಲ್ಲಿ ಕಾದು ಕುಳಿತ ಬ್ಯಾಕ್ಟೀರಿಯಾಗಳು ಸಲ್ಫೈಡನ್ನು ಉರಿಸಿ ಬದುಕುತ್ತವೆ. ಎಷ್ಟೋ ಕಡೆ ನಡೆಯುವುದೂ ಹಾಗೆಯೇ. ಆದರೆ ಆರ್‌ಹುಸ್ ಕೊಲ್ಲಿಯ ಕೆಸರು ಈ ಪಾಠವನ್ನು ಒಪ್ಪಲಿಲ್ಲ.

ಡೆನ್ಮಾರ್ಕಿನ ಆರ್‌ಹುಸ್ ವಿಶ್ವವಿದ್ಯಾಲಯದ ಲಾರ್ಸ್ ಪೀಟರ್ ನೀಲ್ಸೆನ್ ಮತ್ತು ಸಂಗಡಿಗರು ಆ ಕೆಸರನ್ನು ಗಾಜಿನ ಪಾತ್ರೆಗಳಲ್ಲಿ ತುಂಬಿ, ಮೇಲೆ ಸಮುದ್ರದ ನೀರು ನಿಲ್ಲಿಸಿ, ಕೂದಲಿನಷ್ಟು ತೆಳುವಾದ ಸಂವೇದಕಗಳನ್ನು ಇಳಿಸಿ ನೋಡುತ್ತಿದ್ದರು. ವಾರಗಳು ಕಳೆದಂತೆ ವಿಚಿತ್ರವೊಂದು ಕಂಡಿತು. ಆಮ್ಲಜನಕ ಮೇಲಿನ ಒಂದೆರಡು ಮಿಲಿಮೀಟರಿನಲ್ಲೇ ಮುಗಿಯುತ್ತಿತ್ತು. ಸಲ್ಫೈಡೋ, ಅದಕ್ಕಿಂತ ಒಂದು ಸೆಂಟಿಮೀಟರಿಗೂ ಹೆಚ್ಚು ಕೆಳಗೇ ಮಾಯವಾಗುತ್ತಿತ್ತು. ನಡುವಿನ ಪಟ್ಟಿಯಲ್ಲಿ ಅದೂ ಇಲ್ಲ, ಇದೂ ಇಲ್ಲ. ಇಬ್ಬರೂ ಮುಖ ನೋಡಿಕೊಳ್ಳದೆ ಮದುವೆ ನಡೆದುಹೋಗಿತ್ತು!

ಮೇಲಿನ ನೀರಿನ ಆಮ್ಲಜನಕವನ್ನು ಬದಲಿಸಿ ನೋಡಿದರು. 12 ಮಿಲಿಮೀಟರಿಗೂ ಕೆಳಗಿದ್ದ ಸಲ್ಫೈಡಿನ ಪ್ರಮಾಣ ಒಂದು ಗಂಟೆಯೊಳಗೇ ಬದಲಾಯಿತು. ಅಣುಗಳು ಕೆಸರಿನಲ್ಲಿ ಜಾರಿಕೊಂಡು ಅಷ್ಟು ದೂರ ಹೋಗಲು ಒಂದು ದಿನವಾದರೂ ಬೇಕು. ಇಷ್ಟು ಬೇಗ ಸುದ್ದಿ ಮುಟ್ಟಿಸಬಲ್ಲದ್ದು ಒಂದೇ: ಎಲೆಕ್ಟ್ರಾನು. ಸಾಕ್ಷಿಯೂ ಇತ್ತು. ಎಲೆಕ್ಟ್ರಾನುಗಳು ಕೆಳಗಿನಿಂದ ಬಂದು ಆಮ್ಲಜನಕಕ್ಕೆ ಸೇರಿ ನೀರಾಗುವಾಗ ಸುತ್ತಲಿನ ಆಮ್ಲೀಯತೆ ಕರಗುತ್ತದೆ. ಸರಿಯಾಗಿ ಮೇಲಿನ ಆ ಒಂದೆರಡು ಮಿಲಿಮೀಟರಿನಲ್ಲೇ ಕೆಸರು ಕ್ಷಾರದ ಕಡೆ ವಾಲಿತ್ತು. 2010ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ, ಕಡಲತಳದ ಕೆಸರಿನಲ್ಲಿ ಕರೆಂಟು ಹರಿಯುತ್ತಿದೆ ಎಂದು ಅವರು ಬರೆದಾಗ ಹುಬ್ಬೇರಿಸದವರು ಕಡಿಮೆ. ತಂತಿ ಎಲ್ಲಿ?

ತಂತಿ ಸಿಕ್ಕಿದ್ದು 2012ರಲ್ಲಿ. ಅದನ್ನು ಪತ್ತೆಹಚ್ಚಿದ ಬಗೆಯನ್ನು ನಾನು ಎಷ್ಟು ಸಲ ಓದಿದರೂ ಖುಷಿಯಾಗುತ್ತದೆ. ಬಹಳ ತೆಳ್ಳನೆಯ ಟಂಗ್‌ಸ್ಟನ್ ತಂತಿಯೊಂದನ್ನು ಕೆಸರಿನೊಳಗೆ ಅಡ್ಡಲಾಗಿ ಎಳೆದರು. ಕರೆಂಟು ನಿಂತಿತು! ಕೆಸರಿನ ರಾಸಾಯನಿಕಗಳಿಗೆ ಅಷ್ಟರಿಂದ ಏನೂ ಆಗದು. ಕಡಿದುಹೋದದ್ದು ಉದ್ದಕ್ಕೆ ಹಬ್ಬಿದ ಯಾವುದೋ ಎಳೆಯೇ ಇರಬೇಕು. ಕೆಸರಿನ ನಡುವೆ ಸೂಕ್ಷ್ಮ ರಂಧ್ರಗಳ ಜರಡಿಯನ್ನಿಟ್ಟರೆ ಕರೆಂಟು ದಾಟಲಿಲ್ಲ. ರಂಧ್ರ ಸ್ವಲ್ಪ ದೊಡ್ಡದಾದರೆ ದಾಟಿತು. ಸೂಕ್ಷ್ಮದರ್ಶಕದಲ್ಲಿ ಇಣುಕಿದಾಗ ಕಂಡದ್ದು ಸಾವಿರಾರು ಜೀವಕೋಶಗಳು ಒಂದರ ತುದಿಗೊಂದು ಜೋಡಿಸಿಕೊಂಡು ಸೆಂಟಿಮೀಟರುಗಟ್ಟಲೆ ಬೆಳೆದ ಎಳೆಗಳು. ಪ್ರತಿ ಎಳೆಯ ಮೈಮೇಲೆ ಒಂದು ತುದಿಯಿಂದ ಇನ್ನೊಂದು ತುದಿಗೆ ಏಣುಗಳು. ಅವುಗಳ ಒಳಗೆ ಹರಿಯುತ್ತದೆ ಕರೆಂಟು. ಇವೇ ಕೇಬಲ್ ಬ್ಯಾಕ್ಟೀರಿಯಾ.

ಬ್ಯಾಕ್ಟೀರಿಯಾ ಎಂದರೆ ಒಂಟಿ ಜೀವಕೋಶ, ಹುಟ್ಟಿ, ತಿಂದು, ಎರಡಾಗಿ ಒಡೆಯುವ ಚುಕ್ಕೆ ಎಂದು ನಾವೆಲ್ಲ ಶಾಲೆಯಲ್ಲಿ ಕಲಿತಿದ್ದೇವೆ. ಈ ಚುಕ್ಕೆಗಳ ಸಂಸಾರ ನೋಡಿ. ಕೂಡುಕುಟುಂಬದಲ್ಲಿ ಕೆಲವರು ಅಂಗಡಿಗೆ, ಕೆಲವರು ಗದ್ದೆಗೆ ಹೋದರೂ ಒಲೆ ಒಂದೇ ಇರುವ ಹಾಗೆ, ಇಲ್ಲಿ ಕೆಳಗಿರುವ ಜೀವಕೋಶಗಳು ಸಲ್ಫೈಡು ತಿನ್ನುತ್ತವೆ. ತಿಂದಾಗ ಮಿಕ್ಕ ಎಲೆಕ್ಟ್ರಾನುಗಳನ್ನು ತಂತಿಗೆ ಹಾಕುತ್ತವೆ. ಮೇಲಿನ ತುದಿಯಲ್ಲಿರುವ ಹತ್ತನೇ ಒಂದು ಪಾಲಿಗೂ ಕಡಿಮೆ ಜೀವಕೋಶಗಳು ಇಡೀ ಎಳೆಯ ಪರವಾಗಿ ಆಮ್ಲಜನಕವನ್ನು ಉಸಿರಾಡುತ್ತವೆ. ಉಸಿರಾಡುವವರು ಬೆಳೆಯುವುದಿಲ್ಲ, ಕೆಳಗಿನವರಷ್ಟೇ ಬೆಳೆಯುತ್ತಾರೆ ಎಂಬುದೂ ಈಚೆಗೆ ಗೊತ್ತಾಗಿದೆ. ಎಂದೂ ಆಮ್ಲಜನಕದ ಮುಖ ನೋಡದ ಜೀವಕೋಶವೊಂದು ಆಮ್ಲಜನಕದ ಬಲದಲ್ಲೇ ಬದುಕುತ್ತಿದೆ. ಇದಕ್ಕಿಂತ ದೊಡ್ಡ ಪವಾಡ ಬೇಕೆನ್ನುವವರಿಗೆ ನನ್ನಲ್ಲಿ ಮದ್ದಿಲ್ಲ.

ತಂತಿಯ ಗುಣಮಟ್ಟವೂ ಕಳಪೆಯಲ್ಲ. ಬೆಲ್ಜಿಯಮಿನ ಫಿಲಿಪ್ ಮೇಸ್ಮನ್ ತಂಡ 2019ರಲ್ಲಿ ಒಂದೇ ಎಳೆಯನ್ನು ಎರಡು ವಿದ್ಯುದ್ವಾರಗಳ ನಡುವೆ ಕೂರಿಸಿ, ಸೆಂಟಿಮೀಟರಿಗೂ ಹೆಚ್ಚು ದೂರ ಕರೆಂಟು ಹರಿಯುವುದನ್ನು ಅಳೆದು ತೋರಿಸಿತು. ಜೀವಲೋಕದ ಪ್ರೋಟೀನುಗಳು ಸಾಮಾನ್ಯವಾಗಿ ವಿದ್ಯುತ್ತಿಗೆ ದಾರಿ ಬಿಡುವುದಿಲ್ಲ. ಈ ಎಳೆಯ ಪ್ರೋಟೀನು ನಾರುಗಳಲ್ಲಿ ನಿಕ್ಕಲ್ ಇದೆ ಎಂದು 2021ರಲ್ಲಿ ತಿಳಿಯಿತು. ಪ್ರಯೋಗಾಲಯದ ಕೆಸರಿನಲ್ಲಿ ಒಂದು ಚದರ ಸೆಂಟಿಮೀಟರ್ ಮೇಲ್ಮೈ ಕೆಳಗೆ ಎರಡು ಕಿಲೋಮೀಟರಿಗೂ ಉದ್ದದ ಎಳೆಗಳು ಸಿಕ್ಕಿವೆ.

ಈಗ ನಾತದ ವಿಷಯಕ್ಕೆ ಬರೋಣ. ಕೆಳಗೆ ಸಲ್ಫೈಡನ್ನು ಉರಿಸುವಾಗ ಆಮ್ಲ ಹುಟ್ಟುತ್ತದೆ. ಆ ಆಮ್ಲಕ್ಕೆ ಕೆಸರಿನ ಕಪ್ಪು ಕಬ್ಬಿಣದ ಸಲ್ಫೈಡು ಕರಗುತ್ತದೆ, ಕಬ್ಬಿಣ ಮೇಲೇರುತ್ತದೆ, ಆಮ್ಲಜನಕ ಸಿಕ್ಕಲ್ಲಿ ತುಕ್ಕಾಗಿ ಕೂರುತ್ತದೆ. ಮೇಲಿನ ಕಂದು ಪೊರೆ ಇದರದ್ದೇ. ನೆದರ್ಲೆಂಡ್ಸಿನ ಗ್ರೆವೆಲಿಂಗೆನ್ ಎಂಬ ಉಪ್ಪುನೀರಿನ ಸರೋವರದಲ್ಲಿ ಇದರ ಉಪಕಾರ ಚೆನ್ನಾಗಿ ಕಂಡಿತು. ಅಲ್ಲಿ ಬೇಸಿಗೆಯಲ್ಲಿ ತಳದ ನೀರಿನ ಆಮ್ಲಜನಕ ಬತ್ತುತ್ತದೆ, ಆಗ ಕೇಬಲ್ ಬ್ಯಾಕ್ಟೀರಿಯಾಗಳ ಆಟವೂ ಮುಗಿಯುತ್ತದೆ. ಆದರೆ ಅವು ಮೊದಲೇ ಕಟ್ಟಿಟ್ಟ ತುಕ್ಕಿನ ಪೊರೆ, ಏಳುವ ಸಲ್ಫೈಡನ್ನು ಹಿಡಿದಿಟ್ಟುಕೊಂಡು ನೀರು ವಿಷವಾಗದಂತೆ ವಾರಗಟ್ಟಲೆ ಕಾಯುತ್ತದೆ. 2015ರಲ್ಲಿ ಪ್ರಕಟವಾದ ಈ ಅಧ್ಯಯನ ನಮ್ಮವರೂ ಓದಬೇಕಾದದ್ದು. ಮಳೆಗಾಲದ ಕೊನೆಯಲ್ಲಿ ಭಾರತದ ಪಶ್ಚಿಮ ಕರಾವಳಿಯಾಚೆಯ ತಳದ ನೀರಿನಲ್ಲೂ ಆಮ್ಲಜನಕ ಬತ್ತಿ ಹೈಡ್ರೋಜನ್ ಸಲ್ಫೈಡ್ ಕಾಣಿಸಿಕೊಳ್ಳುತ್ತದೆ ಎಂದು ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ಎಸ್.ಡಬ್ಲ್ಯು.ಎ. ನಖ್ವಿ ಮತ್ತು ಸಂಗಡಿಗರು 2000ದಲ್ಲೇ ತೋರಿಸಿದ್ದಾರೆ.

ಹೀಗೆ ಕೆಸರಿನ ಮೇಲ್ಪದರ ಎಂದರೆ ಕೆಳಗಿನ ವಿಷಕ್ಕೆ ಹಾಕಿದ ಮುಚ್ಚಳ. ಗಡಿಯಲ್ಲಿ ಕಾಯುವ ಒಂಟಿ ಬ್ಯಾಕ್ಟೀರಿಯಾಗಳು, ತುಕ್ಕು, ಎಳೆಗಳಿರುವಲ್ಲಿ ಎಳೆಗಳು, ಎಲ್ಲ ಸೇರಿ ಅದನ್ನು ಬಿಗಿಮಾಡುತ್ತವೆ. ಕಾಲು ಹೂತಾಗ ಮುಚ್ಚಳ ಒಡೆಯುತ್ತದೆ, ನಾತ ಹೊರಬೀಳುತ್ತದೆ. ಕಾಲೆತ್ತಿದರೆ ಅವು ಅದನ್ನು ಮತ್ತೆ ಕಟ್ಟಿಕೊಳ್ಳುತ್ತವೆ. ಅಳಿವೆಯನ್ನು ‘ಕೊಳಕು ಜಾಗ, ಮಣ್ಣು ತುಂಬಿಸಿದರೆ ಸೈಟಾದರೂ ಆಗುತ್ತದೆ’ ಎನ್ನುವವರಿಗೆ ಬೈಯಬೇಕು ಅನ್ನಿಸುವುದು ಇದಕ್ಕೇ. ಲಾರಿ ಮಣ್ಣು ಬಿದ್ದಮೇಲೆ ಆಮ್ಲಜನಕ ಇಳಿಯುವ ದಾರಿಯೇ ಮುಚ್ಚಿತು, ಇನ್ನು ಯಾವ ಎಳೆಯೂ ಉಸಿರಾಡದು.

ಕೇಬಲ್ ಬ್ಯಾಕ್ಟೀರಿಯಾಗಳು ಕಡಲಿಗೆ ಮಾತ್ರ ಸೇರಿದವಲ್ಲ. ಸಿಹಿನೀರಿನ ತೊರೆಗಳಲ್ಲೂ ಭತ್ತದ ಬೇರಿನ ಬಳಿಯೂ ಇವುಗಳ ಸಂಬಂಧಿಗಳಿದ್ದಾರೆ. 2020ರಲ್ಲಿ ಆರ್‌ಹುಸ್‌ನ ವಿನ್ಸೆಂಟ್ ಶೋಲ್ಟ್ಸ್ ಮತ್ತು ಸಂಗಡಿಗರು ಕುಂಡದ ಭತ್ತಕ್ಕೆ ಇವನ್ನು ಬೆರೆಸಿದಾಗ ಮೀಥೇನ್ ಹೊರಸೂಸುವಿಕೆ 93% ಇಳಿಯಿತು. ಸಲ್ಫೈಡನ್ನು ಇವು ಮತ್ತೆ ಸಲ್ಫೇಟಾಗಿಸುತ್ತವೆ. ಸಲ್ಫೇಟ್ ಉಸಿರಾಡುವವರು ಬಲವಾದರೆ ಮೀಥೇನ್ ಮಾಡುವವರಿಗೆ ಊಟ ಉಳಿಯುವುದಿಲ್ಲ. ಕುಂಡ ಬೇರೆ, ಉತ್ತುವ, ನೀರು ಬಿಡುವ, ಏಡಿ ತೋಡುವ ಗದ್ದೆ ಬೇರೆ ಎಂಬುದನ್ನು ಮರೆಯಬಾರದು. ನಾಳೆ ಯಾರಾದರೂ ಇದನ್ನು ಬಾಟಲಿಯಲ್ಲಿ ತುಂಬಿ ಮಾರಲು ಬಂದರೆ ಕಿಸೆಗೆ ಕೈಹಾಕುವ ಮುನ್ನ ಯೋಚಿಸಿ.

ಕರಾವಳಿಯ ಶಾಲೆಗಳು ಈ ವರ್ಷ ಒಂದು ಪ್ರಯೋಗ ಮಾಡಬಹುದು. ಅಳಿವೆಯ ಕಪ್ಪು ಕೆಸರನ್ನು ಜರಡಿ ಹಿಡಿದು ಹುಳ, ಚಿಪ್ಪು ತೆಗೆದು ಗಾಜಿನ ಭರಣಿಯಲ್ಲಿ ತುಂಬಿ. ಮೇಲೆ ಅಲ್ಲಿನದೇ ನೀರು ನಿಲ್ಲಿಸಿ, ಮೀನಿನ ತೊಟ್ಟಿಯ ಪಂಪಿನಿಂದ ಮೆಲ್ಲಗೆ ಗಾಳಿ ಬಿಡಿ. ಕಿಟಕಿ ತೆರೆದ ಕೋಣೆಯಲ್ಲೇ ಇಡಿ, ಹೈಡ್ರೋಜನ್ ಸಲ್ಫೈಡ್ ವಿಷಾನಿಲ. ಕೆಲವು ವಾರಗಳಲ್ಲಿ ಮೇಲೆ ಕಂದು, ನಡುವೆ ಬೂದು, ಕೆಳಗೆ ಕಪ್ಪು ಪಟ್ಟಿಗಳು ಕಾಣಬಹುದು. ಹಾಗೆಂದು ಬೂದು ಪಟ್ಟಿ ಕಂಡ ದಿನವೇ ತಂತಿ ಸಿಕ್ಕಿತೆಂದು ನನಗೆ ಪತ್ರ ಬರೆಯಬೇಡಿ; ಬರೀ ಕಬ್ಬಿಣದ ಖನಿಜಗಳಿಂದಲೂ ಅಂಥ ಪಟ್ಟಿ ಮೂಡುತ್ತದೆ. ಬೂದು ಪದರದ ಚೂರೊಂದನ್ನು ನೀರಿನಲ್ಲಿ ಬಿಡಿಸಿ ಸೂಕ್ಷ್ಮದರ್ಶಕದಡಿ ಇಡಿ. ಕವಲಿಲ್ಲದ, ತುಂಡಾಗದ ಉದ್ದನೆಯ ಎಳೆ ಕಂಡರೆ, ಚಿತ್ರ ಬರೆದು ಅಳತೆ ಹಾಕಿ, ಆಮೇಲೆ ಬರೆಯಿರಿ. ಮುಂದಿನ ಅಂಕಣ ನಿಮ್ಮದೇ.