ಪೀಣ್ಯದಿಂದ ಪಡುಗಡಲಿಗೆ

ಶ್ರಾವಣದ ಕೊನೆಯ ಭಾನುವಾರ ಸಂಜೆ ಪೀಣ್ಯದಿಂದ ನಮ್ಮ ಪರಿಚಯದ ಕುಟುಂಬವೊಂದು ನಮ್ಮಲ್ಲಿಗೆ ಬಂದಿತ್ತು. ಯಜಮಾನರು ಮೂಲತಃ ರೋಣದ ಕಡೆಯವರು. ಇಪ್ಪತ್ತೆರಡು ವರ್ಷಗಳಿಂದ ಪೀಣ್ಯದ ಎರಡನೆಯ ಹಂತದ ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರದ ಮುಂದೆ ನಿಂತು ಕಾಯಕ ಮಾಡುತ್ತಿರುವವರು. ಜೊತೆಗೆ ಅವರ ಧರ್ಮಪತ್ನಿ, ಕಾಲೇಜು ಓದುವ ಮಗಳು, ಎಂಟನೆಯ ತರಗತಿಯ ಮಗ ಮತ್ತು ಎಪ್ಪತ್ತು ದಾಟಿದ ತಾಯಿ. ಆಯುಧಪೂಜೆಯ ರಜೆಗೆ ಇನ್ನೆರಡು ದಿನ ಸೇರಿಸಿದರೆ ನಾಲ್ಕು ದಿನ ಕೈಗೆ ಸಿಗುತ್ತದೆ, ಪ್ರವಾಸ ಹೋಗಬೇಕೆಂದಿದ್ದೇವೆ, ದಾರಿ ತೋರಿಸಿ ಎಂಬುದು ಅವರ ಕೋರಿಕೆ.

ಹುಡುಗನು ಒಂದು ಹಾಳೆಯನ್ನು ನಮ್ಮ ಮುಂದಿಟ್ಟ. ಹಂಪೆ, ಬಾದಾಮಿ, ಐಹೊಳೆ, ಪಟ್ಟದಕಲ್ಲು, ಹುಬ್ಬಳ್ಳಿ, ಗೋವೆ, ಕಾರವಾರ, ಗೋಕರ್ಣ, ಮುರುಡೇಶ್ವರ, ಉಡುಪಿ, ಮಂಗಳೂರು, ಬೇಲೂರು, ಹಳೇಬೀಡು. ನಾಲ್ಕು ದಿನಗಳಿಗೆ ಹದಿಮೂರು ಊರುಗಳು! ಅವನಿಗೆ ಕೋಟೆಕೊತ್ತಲಗಳು ಬೇಕು, ಅವನ ಅಕ್ಕನಿಗೆ ಪೇಟೆ ಬೇಕು, ತಂದೆತಾಯಿಗಳಿಗೆ ಗುಡಿಗಳು ಬೇಕು. ಎಲ್ಲರನ್ನೂ ಒಲಿಸಹೊರಟ ಹಾಳೆ ಅದು. ಮೂಲೆಯಲ್ಲಿ ಕುಳಿತಿದ್ದ ಅಜ್ಜಿ ಮಾತ್ರ ಹೀಗೆಂದರು: “ನನಗ ಬ್ಯಾರೆ ಏನೂ ಬ್ಯಾಡ್ರಿ ಗುರುಗಳ. ಸಮುದ್ರಾ ಒಮ್ಮೆ ಕಣ್ಲೆ ನೋಡಬೇಕು.”

ಆ ಮಾತು ನಮ್ಮನ್ನು ತಟ್ಟಿತು. ಮಠದ ಪಾಠಶಾಲೆಯಲ್ಲಿ ಕಾವ್ಯಗಳ ಅಷ್ಟಾದಶ ವರ್ಣನೆಗಳನ್ನು ಓದುವಾಗ ಸಮುದ್ರವರ್ಣನೆಯ ಪದ್ಯಗಳನ್ನು ನಾವು ಬಾಯಿಪಾಠ ಮಾಡಿದ್ದೆವು; ಸಮುದ್ರವನ್ನು ಕಂಡದ್ದು ಅದಾಗಿ ಹತ್ತು ವರ್ಷಗಳ ಮೇಲೆ. ಇನ್ನೊಂದು ನೆನಪೂ ಆಗ ಬಂದಿತು. 1998ರಲ್ಲಿ ನಾವು ಕೆಲವು ಭಕ್ತರೊಡನೆ ಬಾಡಿಗೆಯ ವಾಹನವೊಂದರಲ್ಲಿ ಇಂಥದೇ ಒಂದು ಪ್ರವಾಸ ಹೊರಟಿದ್ದೆವು. ಮೂರು ದಿನಗಳಲ್ಲಿ ಒಂಬತ್ತು ಸ್ಥಳಗಳು. ಹಂಪೆಗೆ ನಡುಮಧ್ಯಾಹ್ನ ಮುಟ್ಟಿದೆವು. ಹಿರಿಯರಿಬ್ಬರು ಬಿಸಿಲಿಗೆ ಹೆದರಿ ವಾಹನದಿಂದ ಇಳಿಯಲೇ ಇಲ್ಲ. ಗೋಕರ್ಣಕ್ಕೆ ಬಂದಾಗ ರಾತ್ರಿ ಒಂಬತ್ತು ಗಂಟೆ ದಾಟಿತ್ತು. ಬೆಳಗಿನ ಜಾವ ನಾಲ್ಕಕ್ಕೆ ಮುಂದಿನ ಊರಿಗೆ ಹೊರಡಬೇಕೆಂದು ಚಾಲಕನ ಒತ್ತಾಯ. ಕತ್ತಲೆಯಲ್ಲಿ ಅಲೆಗಳ ಸದ್ದು ಕೇಳಿ ಹಿಂದಿರುಗಿದ ಆ ಹಿರಿಯರಲ್ಲಿ ಒಬ್ಬರು ಮರುವರ್ಷವೇ ಲಿಂಗೈಕ್ಯರಾದರು. ಪಟ್ಟಿ ಬರೆದವರು ನಾವೇ ಆದುದರಿಂದ ತಪ್ಪೂ ನಮ್ಮದೇ.

ಆದಕಾರಣ ಹಾಳೆಯನ್ನು ಮಡಚಿಟ್ಟು, “ತಮ್ಮಾ, ನಿಮ್ಮ ಮನೆಯ ಮುಂದಿನ ಹೆದ್ದಾರಿಯ ಹೆಸರೇನು?” ಎಂದು ಕೇಳಿದೆವು. “ತುಮಕೂರು ರಸ್ತೆ” ಎಂದ. ಆ ತುಮಕೂರಿನಿಂದ ಹೊರಟು ತಿಪಟೂರು, ಅರಸೀಕೆರೆ, ಕಡೂರು, ತರೀಕೆರೆ, ಶಿವಮೊಗ್ಗ, ಸಾಗರಗಳನ್ನು ಹಾಯ್ದು, ಗೇರುಸೊಪ್ಪೆಯ ಘಟ್ಟವಿಳಿದು ಹೊನ್ನಾವರದಲ್ಲಿ ಕಡಲನ್ನು ಮುಟ್ಟುವ ಹೆದ್ದಾರಿಯೊಂದಿದೆ. ಹಿಂದೆ ಅದಕ್ಕೆ 206 ಎಂಬ ಸಂಖ್ಯೆಯಿತ್ತು. ನಗರ, ಹಾಳು ರಾಜಧಾನಿ, ಸಮುದ್ರ ಮೂರೂ ಈ ಒಂದೇ ದಾರಿಯಲ್ಲಿವೆ. ಇದೇ ನಮ್ಮ ಸಲಹೆ.

ದಾರಿ ಒಂದೇ ಎಂಬುದಷ್ಟೇ ಇದರ ಅನುಕೂಲವಲ್ಲ; ಕಥೆಯೂ ಒಂದೇ. ಸುಮಾರು 1500ರಿಂದ 1763ರವರೆಗೆ ಮಲೆನಾಡನ್ನೂ ಕರಾವಳಿಯ ಬಹುಭಾಗವನ್ನೂ ಆಳಿದ ಕೆಳದಿಯ ನಾಯಕರು ವೀರಶೈವ ಅರಸರು. ಘಟ್ಟದ ಮೇಲಿನ ಮೆಣಸು ಕೆಳಗಿಳಿದು ಹೊನ್ನಾವರವೇ ಮೊದಲಾದ ಬಂದರುಗಳಲ್ಲಿ ಹಡಗು ಸೇರುತ್ತಿತ್ತು. ಆ ಮೆಣಸಿಗಾಗಿಯೇ ಪೋರ್ಚುಗೀಸರು ಹೊನ್ನಾವರದಲ್ಲಿ ಕೋಟೆ ಕಟ್ಟಿದ್ದರು. 1650ರ ದಶಕದಲ್ಲಿ ಶಿವಪ್ಪನಾಯಕನು ಅವರನ್ನು ಅಲ್ಲಿಂದ ಹೊರದೂಡಿದನು. ಮಕ್ಕಳಿಗೆ ಇಷ್ಟನ್ನು ಹೇಳಿ ಹೊರಟರೆ ಗುಡಿಯಿಂದ ಕಡಲಿಗೆ ಹೋಗುವುದು ಒಂದು ಪಾಠದಿಂದ ಇನ್ನೊಂದು ಪಾಠಕ್ಕೆ ಹಾರಿದಂತಾಗದು.

ಈ ದಾರಿಯಲ್ಲಿ ನಮಗಿಂತ ಮೊದಲು ನಡೆದವನೊಬ್ಬನಿದ್ದಾನೆ. ರೋಮ್ ನಗರದ ಪಿಯೆತ್ರೊ ದೆಲ್ಲಾ ವಾಲೆ ಎಂಬ ಪ್ರವಾಸಿ 1623ರಲ್ಲಿ, ಗೋವೆಯಿಂದ ಇಕ್ಕೇರಿಯ ವೆಂಕಟಪ್ಪನಾಯಕನ ಆಸ್ಥಾನಕ್ಕೆ ಹೊರಟ ಪೋರ್ಚುಗೀಸ್ ರಾಯಭಾರಿಯ ಜೊತೆಗೂಡಿದನು. ಹೊನ್ನಾವರದಲ್ಲಿಳಿದು, ಶರಾವತಿಯಲ್ಲಿ ದೋಣಿಯೇರಿ ಗೇರುಸೊಪ್ಪೆಗೆ ಬಂದು, ಅಲ್ಲಿಂದ ಘಟ್ಟ ಹತ್ತಿದನು. ಮೆಣಸಿನ ರಾಣಿಯೆಂದು ಪೋರ್ಚುಗೀಸರು ಕರೆಯುತ್ತಿದ್ದ ಚೆನ್ನಭೈರಾದೇವಿಯ ರಾಜಧಾನಿ ಗೇರುಸೊಪ್ಪೆ. ಅವನು ನೋಡುವಷ್ಟರಲ್ಲೇ ಅದು ಹಾಳುಬಿದ್ದು ಮನೆಗಳ ನಡುವೆ ಮರಗಳೆದ್ದಿದ್ದವು. ನಾವು ಇಂದು ಕಾಣುವ ಹಾಳನ್ನು ನಾಲ್ಕುನೂರು ವರ್ಷಗಳ ಹಿಂದೆಯೇ ಒಬ್ಬ ಪ್ರವಾಸಿಗನು ಹಾಳೆಂದೇ ಬರೆದಿಟ್ಟಿದ್ದಾನೆ ಎಂದಾಗ ಹುಡುಗನ ಕಣ್ಣರಳಿತು. ಘಟ್ಟದ ಮೇಲೆ, ಹೊರೆಗಳನ್ನು ಕಟ್ಟುವವರೆಗೆ ಒಂದು ಗುಡಿಯ ಮೊಗಸಾಲೆಯಲ್ಲಿ ಕುಳಿತಿದ್ದಾಗ, ನಾಲ್ವರು ಬಾಲಕರು ನೆಲದ ಮೇಲೆ ನಯವಾದ ಮರಳು ಹರಡಿ, ರಾಗವಾಗಿ ಹಾಡುತ್ತ, ಬೆರಳಿನಿಂದ ಅಂಕಿಗಳನ್ನು ಬರೆದು ಲೆಕ್ಕ ಕಲಿಯುತ್ತಿದ್ದುದನ್ನು ಅವನು ಬೆರಗಿನಿಂದ ದಾಖಲಿಸಿದ್ದಾನೆ. ನಮ್ಮ ಬಾಲ್ಯದಲ್ಲಿಯೂ ಅಕ್ಷರಾಭ್ಯಾಸ ಮರಳಿನ ಮೇಲೆಯೇ ಆದದ್ದು. ಅದಿರಲಿ.

ಅವನು ಹತ್ತಿದ ದಾರಿಯನ್ನು ನಾವು ಇಳಿಯಬೇಕು. ಗುರುವಾರ ಬೆಳಿಗ್ಗೆ ಹೊರಟರೆ ಮಧ್ಯಾಹ್ನ ಶಿವಮೊಗ್ಗ. ಪೇಟೆ ಬೇಕೆಂದ ಮಗಳಿಗೆ ಈ ಊರು ಸಾಕೇ ಎಂಬ ಅನುಮಾನವಿತ್ತು. ಬೆಂಗಳೂರಿನವರಿಗೆ ಇನ್ನೂ ದೊಡ್ಡ ನಗರದ ಅಗತ್ಯವೇನಿದೆ? ತುಂಗೆಯ ದಡದಲ್ಲಿ ಸಂಜೆ ಓಡಾಡುವಷ್ಟು ಮಟ್ಟಸವಾದ ಊರು ಅದು. ಶಿವಪ್ಪನಾಯಕನ ಅರಮನೆಯೆಂದು ಹೆಸರಾದ, ಮರದ ದಪ್ಪ ಕಂಬಗಳ ಕಟ್ಟಡವೊಂದಿದೆ. ಈಗಿರುವುದು ಹೈದರಾಲಿಯ ಕಾಲದ್ದೆಂಬ ವಿದ್ವಾಂಸರ ಅಭಿಪ್ರಾಯವೂ ಉಂಟು. ಅಂಗಳದಲ್ಲಿ ಸುತ್ತಲಿನಿಂದ ತಂದಿಟ್ಟ ಶಿಲ್ಪಗಳಿವೆ. ಸರ್ಕಾರಿ ವಸ್ತುಸಂಗ್ರಹಾಲಯಗಳಿಗೆ ಸೋಮವಾರ ರಜೆಯಿರುವುದು ವಾಡಿಕೆ. ಗುರುವಾರ ಆ ತೊಂದರೆಯಿಲ್ಲ.

ಶುಕ್ರವಾರ ಸಾಗರಕ್ಕೆ, ಸುಮಾರು 70 ಕಿಲೋಮೀಟರು. ಅಲ್ಲಿಯೇ ವಸತಿ. ಇಕ್ಕೇರಿ, ಕೆಳದಿಗಳೆರಡೂ ಸಾಗರದ ಮಗ್ಗುಲಲ್ಲಿಯೇ ಇವೆ. ಮಕ್ಕಳಿಗೆ ಒಂದು ಮಾತನ್ನು ಮೊದಲೇ ಹೇಳಿಡಬೇಕು. ಇಕ್ಕೇರಿಯಲ್ಲಿ ಹಂಪೆಯಂತೆ ಕಣ್ಣು ಹಾಯುವಷ್ಟು ದೂರ ಬೀದಿಗಳೂ ಮಂಟಪಗಳೂ ಇಲ್ಲ. ಬಯಲಿನಲ್ಲಿ ಒಂದು ದೊಡ್ಡ ಗುಡಿ ನಿಂತಿದೆ, ಅಷ್ಟೆ. ರಾಜಧಾನಿ ಎಲ್ಲಿ ಹೋಯಿತು ಎಂದು ಕೇಳಿದರೆ ಉತ್ತರ ಆ ಪ್ರವಾಸಿಗನ ಬರಹದಲ್ಲಿಯೇ ಇದೆ. ಅವನು ಊರೊಳಗೆ ಹೋಗುವಾಗ ಮೂರು ಬಾಗಿಲುಗಳನ್ನು ದಾಟಿದನು; ಹೊರಗಿನ ಎರಡು ಸುತ್ತುಗಳು ಕಲ್ಲಿನ ಗೋಡೆಗಳಲ್ಲ, ಒತ್ತೊತ್ತಾಗಿ ನೆಟ್ಟು ಬೆಳೆಸಿದ ಎತ್ತರದ ಬಿದಿರು. ಕಾಲಾಳೂ ಕುದುರೆಯೂ ನುಸುಳಲಾಗದಂಥ ಜೀವಂತ ಕೋಟೆ. ಬಿದಿರಿನ ಕೋಟೆ ಬಿದ್ದರೆ ಕುರುಹೇನು ಉಳಿದೀತು? 1630ರ ದಶಕದಲ್ಲಿ ಬಿಜಾಪುರದ ದಾಳಿಯಾದ ಮೇಲೆ ರಾಜಧಾನಿ ಬಿದನೂರಿಗೆ ಹೋಯಿತು, ಊರು ಕರಗಿತು, ಕಲ್ಲಿನ ಗುಡಿ ಉಳಿಯಿತು.

ಆ ಅಘೋರೇಶ್ವರ ದೇವಾಲಯದಲ್ಲಿ ಅವಸರ ಕೂಡದು. ಎದುರಿಗೆ ಬಿಡಿಯಾದ ನಂದಿಮಂಟಪ, ಒಳಗೆ ಬೃಹತ್ ಕಂಬಗಳ ಮಂಟಪ. ಗರ್ಭಗುಡಿಯ ಮುಂದಣ ನೆಲಹಾಸಿನಲ್ಲಿ ನಾಯಕ ಅರಸರು ಸಾಷ್ಟಾಂಗ ಬಿದ್ದಿರುವ ರೂಪಗಳನ್ನು ಕಡೆದಿದ್ದಾರೆ. ಅರಸನಾದವನು ತನ್ನ ರೂಪವನ್ನು ಜನರ ಕಾಲ ಕೆಳಗೆ ಕೆತ್ತಿಸಿಕೊಳ್ಳಲು ಒಪ್ಪಿದ್ದನ್ನು ಮಕ್ಕಳು ಬಗ್ಗಿ ನೋಡಲಿ. ಯಜಮಾನರಿಗೂ ಅಲ್ಲಿ ಒಂದು ವಿಶೇಷವಿದೆ. ನಡುವಣ ಕಂಬಗಳ ನಡುವಿನ ಅಂತರ 18 ಅಡಿ 6 ಅಂಗುಲ. ತೋಟದ ಭೂಮಿಯನ್ನು ಅಳೆಯಲು ಅದನ್ನೇ ಮಾನವಾಗಿ ಇಟ್ಟುಕೊಂಡಿದ್ದರು. ಅಳತೆಯಲ್ಲಿ ಜಗಳ ಬಂದರೆ ನೋಡಿಕೊಳ್ಳಲು ಕಲ್ಲಿನ ಕಂಬಗಳೇ ಇದ್ದವು. ದಿನವೆಲ್ಲ ಅಳತೆಗೋಲು ಹಿಡಿದು ಕಬ್ಬಿಣವನ್ನು ಕೂದಲೆಳೆಯಷ್ಟು ಕರಾರುವಾಕ್ಕಾಗಿ ಕಡೆಯುವ ಅವರು ಇದನ್ನು ಕೇಳಿ, “ಹಂಗಾರ ಅದು ಅವರ ಮಾಸ್ಟರ್ ಗೇಜ್ ಆತಲ್ಲರೀ!” ಎಂದು ನಕ್ಕರು.

ಕೆಳದಿಯಲ್ಲಿ ರಾಮೇಶ್ವರ, ವೀರಭದ್ರ ಗುಡಿಗಳು ಒಂದೇ ಪ್ರಾಕಾರದಲ್ಲಿವೆ. ವೀರಭದ್ರನ ಗುಡಿಯ ಮಾಳಿಗೆಯಲ್ಲಿ ಗಂಡಭೇರುಂಡವನ್ನು ಕತ್ತೆತ್ತಿ ನೋಡಬೇಕು. ಊರಿನ ವಸ್ತುಸಂಗ್ರಹಾಲಯದಲ್ಲಿ ತಾಳೆಗರಿಗಳಿವೆ. ಮೊಗಲರ ಸೇನೆಗೆ ಅಂಜದೆ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯವಿತ್ತ ಚೆನ್ನಮ್ಮಾಜಿಯ ಕಥೆಯನ್ನು ಮಗಳಿಗೆ ಹೇಳಲು ತಕ್ಕ ಜಾಗವದು.

ಇಲ್ಲಿಗೆ ಬಂದಾಗ ನಮ್ಮ ನಾಲಗೆಯೂ ಜಾರಿತು. ಇಷ್ಟು ದೂರ ಹೋದವರು ಅಲ್ಲಮಪ್ರಭುಗಳ ಬಳ್ಳಿಗಾವೆಯನ್ನು ನೋಡದೆ ಬರುವುದೇ, ಅಕ್ಕನ ಉಡುತಡಿ ಅದರ ಪಕ್ಕದಲ್ಲಿಯೇ ಇದೆ, ಬನವಾಸಿಯೂ ದೂರವಿಲ್ಲ ಎನ್ನತೊಡಗಿದೆವು. ಹುಡುಗನು ಮಡಚಿಟ್ಟ ಹಾಳೆಯನ್ನು ಮೆಲ್ಲನೆ ಬಿಚ್ಚಿ ನಮ್ಮ ಮುಂದೆ ಹಿಡಿದ. ನಾವು ಸುಮ್ಮನಾದೆವು. ಬಳ್ಳಿಗಾವೆ, ಉಡುತಡಿಗಳಿಗೆ ಬೇರೆಯೇ ಒಂದು ಯಾತ್ರೆಯಾಗಬೇಕು. ಕವಲೇದುರ್ಗವನ್ನೂ ಬಿಟ್ಟೆವು, ಆ ಏರು ಅಜ್ಜಿಯ ಮೊಣಕಾಲಿಗಲ್ಲ.

ಶನಿವಾರ ಜೋಗದ ಮೇಲೆ ಹಾಯ್ದು ಘಟ್ಟವಿಳಿಯಬೇಕು. ಇಲ್ಲೊಂದು ಇಕ್ಕಟ್ಟಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟಾದ ಮೇಲೆ ಜೋಗದ 253 ಮೀಟರಿನ ಧುಮುಕು ತುಂಬಿ ಕಾಣುವುದು ಬಹುಮಟ್ಟಿಗೆ ಮಳೆಗಾಲದಲ್ಲಿ. ಮಳೆಗಾಲದ ಕಡಲಾದರೋ ಹತ್ತಿರ ಸುಳಿಯಬಾರದ್ದು. ಜೋಗವನ್ನು ನೋಡಬೇಕೆಂದರೆ ಕಡಲನ್ನು ಬಿಡಬೇಕು. ಅಜ್ಜಿಯ ಆಸೆ ಕಡಲಾದುದರಿಂದ ನಾವು ನಿಸ್ಸಂಶಯವಾಗಿ ಕಡಲಿನ ಪಕ್ಷ ಹಿಡಿದೆವು. ದಸರೆಯ ಜನಜಂಗುಳಿಯನ್ನೂ ತಪ್ಪಿಸಿ ನವೆಂಬರ್ ಕೊನೆಯ ವಾರಕ್ಕೆ ಪ್ರವಾಸವನ್ನು ಮುಂದೂಡಿದೆವು. ರಜೆಗಾಗಿ ಮಾಲೀಕರನ್ನು ಕೇಳಬೇಕಾದುದು ಯಜಮಾನರ ಪಾಲಿಗೆ ಬಂದಿತು. ಜೋಗದಲ್ಲಿ ಆಗ ಸಿಕ್ಕಷ್ಟು ನೀರು.

ಗೇರುಸೊಪ್ಪೆಯ ಚತುರ್ಮುಖ ಬಸದಿಯು ಹೆದ್ದಾರಿಯಿಂದ ಒಳಗೆ, ಕಾಡಿನ ನಡುವೆ ಇದೆ. ನಾಲ್ಕು ದಿಕ್ಕಿಗೂ ಬಾಗಿಲಿರುವ ಕಲ್ಲಿನ ಕಟ್ಟಡ. ಅಜ್ಜಿ ದಣಿದಿದ್ದರೆ ಅದನ್ನು ಬಿಟ್ಟು ನೇರವಾಗಿ ಹೊನ್ನಾವರಕ್ಕೆ ನಡೆಯುವುದು ಲೇಸು. ಅಂದಿನ ಕೆಲಸ ಒಂದೇ: ಸೂರ್ಯ ಮುಳುಗುವುದಕ್ಕೆ ಒಂದು ಗಂಟೆ ಮೊದಲು ಅವರನ್ನು ಕಡಲ ದಡದಲ್ಲಿ ಕೂರಿಸಬೇಕು.

ಹೊನ್ನಾವರದಿಂದ ಶರಾವತಿಯ ಸೇತುವೆ ದಾಟಿದರೆ ಕಾಸರಕೋಡು. ಕೇರಳದ ಕಾಸರಗೋಡಲ್ಲ, ಟಿಕೇಟು ಕೊಳ್ಳುವಾಗ ಎಚ್ಚರವಿರಲಿ! ಇಲ್ಲಿಯ ಕಡಲತೀರಕ್ಕೆ 2020ರಲ್ಲಿ ‘ನೀಲಿ ಧ್ವಜ’ ಎಂಬ ಅಂತರರಾಷ್ಟ್ರೀಯ ಮನ್ನಣೆ ದೊರೆಯಿತು. ಸ್ವಚ್ಛತೆ, ನೀರಿನ ಶುದ್ಧಿ, ಸುರಕ್ಷತೆಗಳನ್ನು ಪರೀಕ್ಷಿಸಿ ಕೊಡುವ ಮನ್ನಣೆಯದು. ಹೊನ್ನಾವರದ ಎದುರಿಗೆ ಕಡಲಿನಲ್ಲಿ ಕೆಳದಿಯವರ ಹೆಸರುಳಿಸಿಕೊಂಡಿರುವ ಬಸವರಾಜದುರ್ಗವೆಂಬ ಕೋಟೆಯ ದ್ವೀಪವಿದೆ. ದಡದಿಂದ ಕಂಡರೆ ಸಾಕು.

ಭಾನುವಾರ ಬೆಳಿಗ್ಗೆ ಮತ್ತೆ ಕಡಲು, ಬಳಿಕ ದಕ್ಷಿಣಕ್ಕೆ ಸುಮಾರು 27 ಕಿಲೋಮೀಟರು ದೂರದ ಮುರುಡೇಶ್ವರ. ಅಲ್ಲಿ 123 ಅಡಿ ಎತ್ತರದ ಶಿವನ ಮೂರ್ತಿ, ಮೂರು ಕಡೆಯಲ್ಲೂ ನೀರು. ಆದರೆ ಅಲ್ಲಿಯೇ 2024ರ ಡಿಸೆಂಬರಿನಲ್ಲಿ, ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ಹೆಣ್ಣುಮಕ್ಕಳು ಅಲೆಗಳ ಪಾಲಾದರು. ಅದು ಮಳೆಗಾಲವಲ್ಲ. ಕೆರೆ ಬಾವಿಗಳಲ್ಲಿ ಈಜು ಕಲಿತವರಿಗೂ ಕಡಲಿನ ಹಿಂದೆಳೆತ ತಿಳಿಯದು. ಹಿಂದಿರುಗುವ ಅಲೆ ಕಾಲಡಿಯ ಮರಳನ್ನೇ ಎಳೆದೊಯ್ಯುತ್ತದೆ. ಕೆಂಪು ಬಾವುಟವಿರುವಲ್ಲಿ ಇಳಿಯಕೂಡದು, ಕಾವಲಿನವರು ಇಲ್ಲದಲ್ಲಿಯೂ ಇಳಿಯಕೂಡದು, ಉಳಿದೆಡೆ ಮೊಣಕಾಲಿಗಿಂತ ಮೇಲೆ ನೀರು ಬರಕೂಡದು. ತಂದೆಯಾದವನು ಛಾಯಾಚಿತ್ರ ತೆಗೆಯುವುದನ್ನು ಬಿಟ್ಟು ಮಗನ ಕೈ ಹಿಡಿದಿರಬೇಕು. ಈ ಮಾತನ್ನು ನಾವು ತುಸು ಗಟ್ಟಿಯಾಗಿಯೇ ಹೇಳಿದೆವು.

ಕಾರವಾರದಿಂದ ಬರುವ ರಾತ್ರಿಯ ರೈಲನ್ನು ಕರಾವಳಿಯಲ್ಲಿ ಹಿಡಿದರೆ ಮಂಗಳೂರು, ಹಾಸನಗಳ ಮೇಲೆ ಹಾಯ್ದು ಬೆಳಗಾಗುವಾಗ ಬೆಂಗಳೂರು. ಯಶವಂತಪುರದಿಂದ ಪೀಣ್ಯಕ್ಕೆ ಮೆಟ್ರೊ ಇದೆ. ಯಜಮಾನರಿಗೆ ಅಂದು ಎರಡನೆಯ ಪಾಳಿ. ರೈಲಿನ ಮುಂಗಡ ಕಾಯ್ದಿರಿಸುವ ಅವಧಿಯನ್ನು 2024ರ ನವೆಂಬರಿನಿಂದ 120 ದಿನಗಳಿಂದ 60 ದಿನಗಳಿಗೆ ಇಳಿಸಿದ್ದಾರೆ. ಎಂದರೆ ಸೆಪ್ಟೆಂಬರ್ ಕೊನೆಗೆ ಕಾಯ್ದಿರಿಸಬೇಕು. ಅಜ್ಜಿಗೆ ಕೆಳಗಿನ ಮಲಗುವ ಆಸನವನ್ನೇ ಕೇಳಬೇಕು. ಹಿರಿಯರಿಗೆ ಅದರಲ್ಲಿ ಆದ್ಯತೆಯಿದೆ.

ಹುಡುಗನು ಹಾಳೆಯ ಹಿಂಬದಿಯಲ್ಲಿ ಇದೆಲ್ಲವನ್ನೂ ಬರೆದುಕೊಂಡ. ಹೊರಡುವಾಗ ಅಜ್ಜಿ ಬಾಗಿಲಲ್ಲಿ ನಿಂತು, “ಅಲ್ಲೆ ಕುಂದ್ರಾಕ ಎಷ್ಟೊತ್ತು ಕೊಡ್ತೀರಿ?” ಎಂದು ಮಗನನ್ನು ಕೇಳಿದರು. ಅವರು ನಮ್ಮ ಮುಖ ನೋಡಿದರು. ಶನಿವಾರ ಸಂಜೆ ಪೂರ್ತಿ, ಭಾನುವಾರ ಬೆಳಿಗ್ಗೆ ಹತ್ತರವರೆಗೆ ಎಂದೆವು. ಹುಡುಗನು ಅದನ್ನೂ ಬರೆದುಕೊಂಡ.