ಮಗುವಿಗೆ ಇನ್ಹೇಲರಾ? ಭಯ ಬೇಡ, ಲೆಕ್ಕ ನೋಡಿ

"ಇಷ್ಟು ಚಿಕ್ಕ ಮಗೂಗೆ ಇನ್ಹೇಲರಾ? ಒಂದ್ಸಲ ಶುರುವಾದ್ರೆ ಬಿಡೋಕಾಗಲ್ಲ ಕಣೇ!" ಉಬ್ಬಸ ಇರುವ ಮಗುವಿನ ಮನೆಯಲ್ಲಿ ಹಿರಿಯರು ಹೇಳುವ ಮೊದಲ ಮಾತೇ ಇದು. ನಾಲ್ಕು ವರ್ಷದ ನನ್ನ ಮಗಳಿಗೆ ಡಾಕ್ಟರ್ ಬರೆದುಕೊಟ್ಟಾಗ ನಮ್ಮಮ್ಮನೂ ಹೀಗೇ ಅಂದರು. ನಾನು ಡಾಕ್ಟರ್ ಅಲ್ಲ, ಕೋಡ್ ಬರೆಯುವವಳು. ಹಾಗಾಗಿ ಅಮ್ಮನ ಮುಂದೆ ಲೆಕ್ಕ ಇಟ್ಟೆ.

ಸಾಲ್ಬುಟಮಾಲ್ ಸಿರಪ್‌ನ 5 ಮಿ.ಲೀ.ನಲ್ಲಿ ಸಾಮಾನ್ಯವಾಗಿ 2 ಮಿಲಿಗ್ರಾಂ ಔಷಧ ಇರುತ್ತೆ. ಅದೇ ಔಷಧದ ಇನ್ಹೇಲರ್‌ನ ಒಂದು ಪಫ್‌ನಲ್ಲಿ ಇರೋದು 100 ಮೈಕ್ರೋಗ್ರಾಂ, ಅಂದ್ರೆ ಇಪ್ಪತ್ತನೇ ಒಂದು ಭಾಗ! ಸಿರಪ್ ಹೊಟ್ಟೆಗೆ ಹೋಗಿ ರಕ್ತದಲ್ಲಿ ಮೈಯೆಲ್ಲಾ ಸುತ್ತಬೇಕು. ಪಫ್ ನೇರ ಶ್ವಾಸಕೋಶಕ್ಕೇ ಹೋಗುತ್ತೆ. ಇದು ಚಟ ಹಿಡಿಸುವ ವಸ್ತುವೂ ಅಲ್ಲ.

ಎರಡು ಇನ್ಹೇಲರ್, ಎರಡು ಕೆಲಸ

ಸಾಲ್ಬುಟಮಾಲ್ ತಕ್ಷಣ ಉಸಿರಾಟ ಸಲೀಸು ಮಾಡುತ್ತೆ, ಆದರೆ ಒಳಗಿನ ಊತ ಇಳಿಸಲ್ಲ. ಊತ ಇಳಿಸೋದು ಕಡಿಮೆ ಡೋಸ್‌ನ ಸ್ಟೆರಾಯ್ಡ್ ಇನ್ಹೇಲರ್. ಅದನ್ನು ಡಾಕ್ಟರ್ ಹೇಳಿದಷ್ಟು ದಿನ ತಪ್ಪದೆ ಕೊಡಬೇಕು. ಮಗು ಚೆನ್ನಾಗಿದೆ ಅಂತ ನಾವೇ ನಿಲ್ಲಿಸಿದರೆ ಉಬ್ಬಸ ಮತ್ತೆ ಬರಬಹುದು. ಕೊಟ್ಟ ಮೇಲೆ ಬಾಯಿ ಮುಕ್ಕಳಿಸಿಸಿ.

ಚಿಕ್ಕ ಮಕ್ಕಳಿಗೆ ಮಾಸ್ಕ್ ಇರುವ ಸ್ಪೇಸರ್ ಬೇಕೇ ಬೇಕು. ಒಂದು ಪಫ್, ಐದಾರು ಉಸಿರು, ಆಮೇಲೆ ಇನ್ನೊಂದು. ಸ್ಪೇಸರನ್ನು ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿದ ನೀರಿನಲ್ಲಿ ಅದ್ದಿ, ಹಾಗೇ ಒಣಗಲು ಬಿಡಿ. ಬಟ್ಟೆಯಲ್ಲಿ ಉಜ್ಜಿದರೆ ಪ್ಲಾಸ್ಟಿಕ್‌ನಲ್ಲಿ ಸ್ಟ್ಯಾಟಿಕ್ ಚಾರ್ಜ್ ಹುಟ್ಟಿ ಔಷಧ ಅದರ ಗೋಡೆಗೇ ಅಂಟಿಕೊಳ್ಳುತ್ತೆ.

ನಮ್ಮ ಬೆಂಗಳೂರಿನ ಗಾಳಿ

ಮಕ್ಕಳ ಶ್ವಾಸಕೋಶ ತಜ್ಞ ಡಾ. ಎಚ್. ಪರಮೇಶ್ ಅವರು ಬೆಂಗಳೂರಿನಲ್ಲಿ ನಡೆಸಿದ ಅಧ್ಯಯನದ ಪ್ರಕಾರ 1979ರಲ್ಲಿ ಶೇ. 9ರಷ್ಟು ಮಕ್ಕಳಿಗೆ ಆಸ್ತಮಾ ಇತ್ತು. 1999ರ ಹೊತ್ತಿಗೆ ಅದು ಶೇ. 29.5. ರಸ್ತೆಯ ಹೊಗೆ ನಮ್ಮ ಕೈಲಿಲ್ಲ. ಆದರೆ ಮನೆಯೊಳಗಿನ ಸಿಗರೇಟು, ಸೊಳ್ಳೆ ಬತ್ತಿ, ಊದುಬತ್ತಿಯ ಹೊಗೆ ನಮ್ಮ ಕೈಲೇ ಇದೆ.

ತಜ್ಞರ ಹತ್ತಿರ ಯಾವಾಗ?

ಪದೇಪದೇ ನ್ಯುಮೋನಿಯಾ, ನಾಲ್ಕು ವಾರ ದಾಟಿದ ಕಫದ ಕೆಮ್ಮು, ತೂಕ ಏರದಿರುವುದು ಇದ್ದರೆ ಮಕ್ಕಳ ಶ್ವಾಸಕೋಶ ತಜ್ಞರಿಗೆ ತೋರಿಸಿ. ಉಬ್ಬಸ ಬಂದಾಗ ಎದೆ ಕಾಣುವ ಹಾಗೆ ಮೊಬೈಲ್‌ನಲ್ಲಿ ಅರ್ಧ ನಿಮಿಷ ವಿಡಿಯೋ ಮಾಡಿಟ್ಟುಕೊಳ್ಳಿ. ಕ್ಲಿನಿಕ್‌ಗೆ ಹೋಗುವಷ್ಟರಲ್ಲಿ ಮಗು ಆಡ್ತಾ ಇರುತ್ತೆ! ಐದಾರು ವರ್ಷ ದಾಟಿದವರಿಗೆ ಊದಿಸಿ ನೋಡುವ ಸ್ಪೈರೋಮೆಟ್ರಿ ಮಾಡಬಹುದು.

ಶೇಂಗಾ ತಿನ್ನುವಾಗ ಇದ್ದಕ್ಕಿದ್ದಂತೆ ಕೆಮ್ಮು ಶುರುವಾದರೆ ಕಾಯಬೇಡಿ, ಕಾಳು ಶ್ವಾಸನಾಳಕ್ಕೆ ಹೋಗಿರಬಹುದು.

ಮಗು ಮಲಗಿದಾಗ ಒಂದು ನಿಮಿಷ ಉಸಿರು ಎಣಿಸೋದು ಕಲಿಯಿರಿ. ಒಂದರಿಂದ ಐದು ವರ್ಷದವರಲ್ಲಿ 40 ಅಥವಾ ಹೆಚ್ಚು ಇದ್ದರೆ ಅದು ವೇಗದ ಉಸಿರಾಟ, ಡಾಕ್ಟರಿಗೆ ತೋರಿಸಿ. ಪಕ್ಕೆ ಒಳಕ್ಕೆ ಸೆಳೆಯುತ್ತಿದ್ದರೆ, ತುಟಿ ನೀಲಿಯಾದರೆ, ಮಾತಾಡಲು ಉಸಿರು ಸಾಲದಿದ್ದರೆ ಅಪಾಯಿಂಟ್‌ಮೆಂಟ್ ಹುಡುಕುತ್ತಾ ಕೂರಬೇಡಿ. ಸೀದಾ ಎಮರ್ಜೆನ್ಸಿಗೆ ಹೊರಡಿ, ಇನ್ಹೇಲರ್ ಮತ್ತು ಸ್ಪೇಸರ್ ಜೊತೆಗಿರಲಿ.