ಮೀನಿನ ತೊಟ್ಟಿಯ ಮೇಲೆ ಗುಳ್ಳೆ ಯಾಕೆ ಒಡೆಯುವುದಿಲ್ಲ?



ನಮ್ಮ ವಿಜ್ಞಾನದ ಕೋಣೆಯ ಗಾಜಿನ ತೊಟ್ಟಿಯಲ್ಲಿ ಗಪ್ಪಿ ಮೀನುಗಳಿವೆ. ಎಂಟು ದಿನದಿಂದ ಅದರ ನೀರಿನ ಮೇಲೆ ಬಿಳಿ ಗುಳ್ಳೆ ನಿಂತಿವೆ. "ನೀರೆಲ್ಲಾ ಚೆಲ್ಲಿ, ಪೌಡರ್ ಹಾಕಿ ತಿಕ್ಕಿ ತೊಳದ್ರ ಆಯ್ತು ಬಿಡ್ರಿ" ಎಂದು ಕೆಲವರು ಅನ್ನುತ್ತಿದ್ದಾರೆ. ಹಾಗೆ ಮಾಡಿದರೆ ಮೀನು ಉಳಿಯುವುದು ಕಷ್ಟ. ಯಾಕೆ ಎಂದು ನಮ್ಮ ವಿಜ್ಞಾನದ ಸರ್ ಹತ್ತಿರ ಕೇಳಿ ತಿಳಿದು ಬರೆದಿದ್ದೇನೆ. ತೊಳೆಯುವ ಮೊದಲು ದಯವಿಟ್ಟು ಓದಿರಿ.

ಗುಳ್ಳೆ ಎಂದರೆ ಒಳಗೆ ಗಾಳಿ, ಸುತ್ತ ನೀರಿನ ತೆಳ್ಳನೆಯ ಪೊರೆ. ಬರೇ ನೀರಿನ ಪೊರೆ ಗಟ್ಟಿ ಇರುವುದಿಲ್ಲ, ಮೇಲೆ ಬಂದ ಕೂಡಲೇ ಒಡೆಯುತ್ತದೆ. ಆದರೆ ನೀರಿನಲ್ಲಿ ಸಾಬೂನು ಅಥವಾ ಪ್ರೋಟೀನು ಸೇರಿದರೆ ಹಾಗಲ್ಲ. ಅದರ ಕಣಕ್ಕೆ ನೀರನ್ನು ಹಿಡಿಯುವ ಒಂದು ತುದಿ, ನೀರಿನಿಂದ ಓಡುವ ಇನ್ನೊಂದು ತುದಿ ಇರುತ್ತದೆ. ಅವು ಪೊರೆಯಲ್ಲಿ ಸಾಲಾಗಿ ನಿಂತು ಅದನ್ನು ಒಡೆಯಗೊಡುವುದಿಲ್ಲ. ಇದನ್ನು ನಮ್ಮ ಮನೆಯಲ್ಲೇ ನೋಡಬಹುದು. ಬರೇ ನೀರು ಕುದಿಸಿದರೆ ಗುಳ್ಳೆ ಬರುತ್ತದೆ, ಹೋಗುತ್ತದೆ. ತೊಗರಿ ಬ್ಯಾಳಿ ಹಾಕಿದರೆ ನೊರೆ ನಿಲ್ಲುತ್ತದೆ. ನಮ್ಮ ಅವ್ವ "ನೊರಿ ತೆಗಿ, ಇಲ್ಲಾಂದ್ರ ಉಕ್ಕತದ" ಅಂತಾಳೆ. ಬ್ಯಾಳಿಯಲ್ಲಿ ಪ್ರೋಟೀನು ಇರುವುದೇ ಇದಕ್ಕೆ ಮುಖ್ಯ ಕಾರಣ.

ತೊಟ್ಟಿಯಲ್ಲಿ ಕಾಣುವ ಗುಳ್ಳೆಗಳೆಲ್ಲಾ ಒಂದೇ ತರಹ ಅಲ್ಲ.

1. ಹೊಸ ನೀರಿನ ಗುಳ್ಳೆ: ಬೋರಿನ ನೀರಿನಲ್ಲಿ ಗಾಳಿ ಕರಗಿರುತ್ತದೆ. ನೀರು ಬೆಚ್ಚಗಾದಂತೆ ಸಣ್ಣ ಗುಳ್ಳೆಯಾಗಿ ಗಾಜಿಗೆ ಅಂಟುತ್ತದೆ. ಒಂದೆರಡು ದಿನಕ್ಕೆ ಹೋಗುತ್ತದೆ. ಹೆದರಿಕೆ ಬೇಡ.

2. ಗಿಡದ ಗುಳ್ಳೆ: ಬಿಸಿಲು ಬಿದ್ದಾಗ ನೀರಿನ ಗಿಡದ ಎಲೆಯಿಂದ ಮುತ್ತಿನಂತೆ ಏಳುತ್ತದೆ. ಅದು ಆಮ್ಲಜನಕ, ಒಳ್ಳೆಯದೇ.

3. ಮೀನಿನ ಗೂಡು: ಗೌರಾಮಿ, ಫೈಟರ್ ಜಾತಿಯ ಗಂಡು ಮೀನು ಬಾಯಿಂದ ಗುಳ್ಳೆ ಬಿಟ್ಟು ಮೊಟ್ಟೆಗೆ ಗೂಡು ಕಟ್ಟುತ್ತದೆ. ಗಪ್ಪಿ ಮೊಟ್ಟೆ ಇಡುವುದಿಲ್ಲ, ಮರಿ ಹಾಕುತ್ತದೆ. ಆದ್ದರಿಂದ ನಮ್ಮ ತೊಟ್ಟಿಯದು ಗೂಡಲ್ಲ.

4. ಕೊಳೆತದ ನೊರೆ: ಉಳಿದ ಆಹಾರ, ಸತ್ತ ಮೀನು, ಕೊಳೆತ ಎಲೆಯಿಂದ ಪ್ರೋಟೀನು ನೀರಿಗೆ ಸೇರಿ ಆಗುತ್ತದೆ. ವಾಸನೆ ಬರುತ್ತದೆ, ಮೇಲೆ ಜಿಡ್ಡಿನ ಪದರ ಕಾಣುತ್ತದೆ.

5. ಸಾಬೂನಿನ ನೊರೆ: ತೊಳೆದ ಬಕೆಟ್ಟಿನಿಂದ ಅಥವಾ ಕೈಯಿಂದ ಬರುತ್ತದೆ. ಇಲ್ಲಿ ಒಂದು ವಿಶೇಷ ಇದೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಕಡೆ ನೆಲದಲ್ಲಿ ಸುಣ್ಣದ ಕಲ್ಲು ಬಹಳ. ಅದಕ್ಕೇ ಇಲ್ಲಿ ಸಿಮೆಂಟ್ ಕಾರ್ಖಾನೆಗಳಿವೆ, ಮನೆ ಮನೆಗೆ ಶಹಾಬಾದ ಫರಸಿ ಇದೆ. ಇಂಥ ನೆಲದ ನೀರು ಗಡಸು. ಗಡಸು ನೀರಿನಲ್ಲಿ ಮೈ ಸಾಬೂನು ನೊರೆ ಕೊಡುವುದು ಕಡಿಮೆ, ಬಿಳಿ ಗಷ್ಟಾಗಿ ಕೂಡುತ್ತದೆ. ಆದರೆ ಅರಿವಿ ಒಗೆಯುವ ಪೌಡರ್ ಗಡಸು ನೀರಿನಲ್ಲೂ ನೊರೆ ಕೊಡುತ್ತದೆ. ಅದು ಮೀನಿನ ಕಿವಿರನ್ನು ಕೆಡಿಸುತ್ತದೆ. ಪೌಡರ್ ಬಿದ್ದಿದೆ ಎಂದು ಗೊತ್ತಾದರೆ ಮೀನನ್ನು ಕೂಡಲೇ ಬೇರೆ ಒಳ್ಳೆಯ ನೀರಿಗೆ ಹಾಕಬೇಕು.

ನಾವು ಮಾಡಿದ ಪರೀಕ್ಷೆ: ಎರಡು ಬಾಟಲಿಗಳನ್ನು ಬರೇ ನೀರಿನಿಂದ ಚೆನ್ನಾಗಿ ತೊಳೆದೆವು. ಒಂದಕ್ಕೆ ಅರ್ಧ ಬೋರಿನ ನೀರು, ಇನ್ನೊಂದಕ್ಕೆ ಅರ್ಧ ತೊಟ್ಟಿಯ ನೀರು ಹಾಕಿ 20 ಸಲ ಅಲ್ಲಾಡಿಸಿ ಇಟ್ಟೆವು. ಬೋರಿನ ನೀರಿನ ಗುಳ್ಳೆ 5 ಎಣಿಸುವುದರೊಳಗೆ ಹೋಯಿತು. ತೊಟ್ಟಿಯದು 60 ಎಣಿಸಿದರೂ ಹೋಗಲಿಲ್ಲ. ಅಂದರೆ ತಪ್ಪು ಬೋರಿನ ನೀರಿನದಲ್ಲ. ತೊಟ್ಟಿಯ ನೀರಿಗೆ ಕೊಳೆತ ವಾಸನೆ ಇತ್ತು. ಕಲ್ಲು ಎತ್ತಿ ನೋಡಿದರೆ ಕೆಳಗೆ ಉಬ್ಬಿದ ಚುರುಮುರಿ, ರೊಟ್ಟಿ ಚೂರು ಸಿಕ್ಕವು! ನಮ್ಮದು ನಾಲ್ಕನೆಯ ಜಾತಿಯ ನೊರೆ ಎಂದು ಗೊತ್ತಾಯಿತು.

ಹಾಗಾದರೆ ಪೂರ್ತಿ ಯಾಕೆ ತೊಳೆಯಬಾರದು? ಮೀನಿನ ಹೊಲಸಿನಿಂದ ಅಮೋನಿಯಾ ಎಂಬ ವಿಷ ಬರುತ್ತದೆ. ಕಲ್ಲು ಮರಳಿನ ಮೇಲೆ ಇರುವ ಒಳ್ಳೆಯ ಬ್ಯಾಕ್ಟೀರಿಯಾ ಅದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ನೈಟ್ರೇಟ್ ಅಷ್ಟು ವಿಷ ಅಲ್ಲ. ಈ ಬ್ಯಾಕ್ಟೀರಿಯಾ ಹೊಸ ತೊಟ್ಟಿಯಲ್ಲಿ ಬೆಳೆಯಲು 4ರಿಂದ 6 ವಾರ ಬೇಕು. ಎಲ್ಲಾ ತಿಕ್ಕಿ ತೊಳೆದರೆ ಅವೂ ಹೋಗುತ್ತವೆ.

ಹಾಗಂತ ಸುಮ್ಮನೆ ಬಿಡುವುದೂ ಸರಿಯಲ್ಲ. ಜಿಡ್ಡಿನ ಪದರ ಇದ್ದರೆ ಗಾಳಿ ನೀರಿಗೆ ಸರಿಯಾಗಿ ಇಳಿಯುವುದಿಲ್ಲ. ನಮ್ಮ ಬ್ಯಾಸಿಗೆಯಂತೂ ನಿಮಗೆ ಗೊತ್ತೇ ಇದೆ. 1 ಲೀಟರ್ ನೀರು 20 ಡಿಗ್ರಿಯಲ್ಲಿ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದರೆ, 30 ಡಿಗ್ರಿಯಲ್ಲಿ ಸುಮಾರು 7.5 ಮಿಲಿಗ್ರಾಂ ಮಾತ್ರ ಹಿಡಿಯುತ್ತದೆ. ಮೀನು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದರೆ ಅದಕ್ಕೆ ಉಸಿರು ಸಾಲುತ್ತಿಲ್ಲ ಎಂದೇ ತಿಳಿಯಿರಿ.

ಮಾಡಬೇಕಾದದ್ದು ಇಷ್ಟೇ:
* ಕೊಳೆತದ್ದನ್ನು ಪೈಪಿನಿಂದ ಎಳೆದು ತೆಗೆಯಬೇಕು.
* ಅಚ್ಚಾಗದ ಬಿಳಿ ಕಾಗದವನ್ನು ನೀರಿನ ಮೇಲೆ ಹಾಸಿ ಎತ್ತಿದರೆ ಜಿಡ್ಡು ಅಂಟಿ ಬರುತ್ತದೆ.
* ದಿನಕ್ಕೆ ಕಾಲು ಭಾಗ ನೀರು ಮಾತ್ರ ಬದಲಿಸಬೇಕು. ಬ್ಲೀಚಿಂಗ್ ಪೌಡರ್ ಹಾಕಿದ ನೀರಾದರೆ ಒಂದು ದಿನ ತೆರೆದು ಇಟ್ಟು ಹಾಕಬೇಕು.
* 2 ನಿಮಿಷದಲ್ಲಿ ಮೀನು ತಿಂದು ಮುಗಿಸುವಷ್ಟೇ ಆಹಾರ ಹಾಕಬೇಕು.
* ತೊಟ್ಟಿಗೆ ಬೇರೆ ಬಕೆಟ್ ಇರಬೇಕು, ಅದಕ್ಕೆ ಸಾಬೂನು ಮುಟ್ಟಿಸಬಾರದು.

ಮೂರು ದಿನದಿಂದ ಹೀಗೆ ಮಾಡುತ್ತಿದ್ದೇವೆ. ನೊರೆ ಅರ್ಧ ಕಡಿಮೆಯಾಗಿದೆ, ಮೀನು ಕೆಳಗೆ ಆಡುತ್ತಿವೆ.

ದೊಡ್ಡ ಕೆರೆಗೂ ಇದೇ ಗತಿ ಬರುತ್ತದೆ. ಬೆಂಗಳೂರಿನ ಬೆಳ್ಳಂದೂರು ಕೆರೆಗೆ ಊರಿನ ಹೊಲಸು ನೀರು, ಪೌಡರಿನ ನೀರು ಸೇರಿ, 2015ರಲ್ಲಿ ನೊರೆ ರಸ್ತೆಗೆ ಹಾರಿ ಬಂತು, ಅದಕ್ಕೆ ಬೆಂಕಿಯೂ ಹತ್ತಿತು. ಕೆರೆಯನ್ನು ಯಾರು ಚೆಲ್ಲಿ ತೊಳೆಯಲು ಆಗುತ್ತದೆ? ನಮ್ಮ ಕಾಗಿಣಾ ಹೊಳೆಯಲ್ಲಿಯೂ ಅರಿವಿ ಒಗೆಯುತ್ತೇವೆ, ಅದೇ ನೀರನ್ನು ದನ ಕುಡಿಯುತ್ತವೆ. ಒಗೆದ ನೀರನ್ನು ಹೊಳೆಗೆ ಬಿಡದೆ ದಂಡೆಯಿಂದ ದೂರ ಚೆಲ್ಲಿದರೆ ಒಳ್ಳೆಯದು.

"ಇಷ್ಟು ಸಣ್ಣ ಮೀನಿಗೆ ಇಷ್ಟ್ಯಾಕ ಚಿಂತಿ?" ಎಂದು ಯಾರಾದರೂ ಕೇಳಬಹುದು. ಗಪ್ಪಿ ಸೊಳ್ಳೆಯ ಮರಿಗಳನ್ನು ತಿನ್ನುತ್ತದೆ. ಅದಕ್ಕೇ ಆರೋಗ್ಯ ಇಲಾಖೆಯವರು ಬಾವಿ, ತೊಟ್ಟಿಗಳಿಗೆ ಗಪ್ಪಿ ಬಿಡುತ್ತಾರೆ. 2006ರಲ್ಲಿ ಕರ್ನಾಟಕದಲ್ಲಿ ಚಿಕುನ್‌ಗುನ್ಯಾ ಹರಡಿತ್ತು. ಆಗ ಕೀಲು ಹಿಡಿದು ನಡೆಯಲಾಗದೆ ಮಲಗಿದವರ ಸುದ್ದಿಯನ್ನು ನಿಮ್ಮ ಮನೆಯ ಹಿರಿಯರನ್ನು ಕೇಳಿರಿ. ಈ ತೊಟ್ಟಿಯ ಮರಿಗಳನ್ನು ನಮ್ಮ ಓಣಿಯ ನೀರಿನ ತೊಟ್ಟಿಗಳಿಗೆ ಬಿಡಬೇಕೆಂದು ನಮ್ಮ ತರಗತಿಯವರ ಆಸೆ.

ಆದ್ದರಿಂದ ಗೆಳೆಯರೇ, ಚುರುಮುರಿ ನೀವು ತಿನ್ನಿರಿ, ಮೀನಿಗೆ ಹಾಕಬೇಡಿರಿ. ಗುರುಗಳೇ, ತೊಟ್ಟಿಗೆ ಬೇರೆ ಬಕೆಟ್ ಒಂದನ್ನು ದಯವಿಟ್ಟು ಕೊಡಿಸಿರಿ.

— 7ನೇ ತರಗತಿಯ ವಿದ್ಯಾರ್ಥಿ